ಯಂತ್ರ ಎದ್ದು ನಿಂತ ಮೇಲೆ ಬಂದ ತೀರ್ಪು: ಫೋಸೆನ್ ಪ್ರಕರಣ ಮತ್ತು ಗೇರುಸೊಪ್ಪದ ಪ್ರಶ್ನೆ

2025ರ ಸೆಪ್ಟೆಂಬರ್‌ನಲ್ಲಿ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪದಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ನಡೆದಾಗ, ಸೇರಿದ್ದವರಲ್ಲಿ ಬಹುತೇಕರು ಯೋಜನೆ ಬೇಡವೆಂದೇ ಹೇಳಿದರು. ಸುದ್ದಿ ಓದಿದ ಅನೇಕರಿಗೆ ಇದು ಗೊಂದಲ ತಂದಿತು. ಹೊಸ ಅಣೆಕಟ್ಟು ಕಟ್ಟುವುದಿಲ್ಲ, ಇನ್ನೊಂದು ಊರು ಮುಳುಗುವುದಿಲ್ಲ, ಚಿಮಣಿಯ ಹೊಗೆ ಇಲ್ಲ, ಗಾಳಿ ಮತ್ತು ಬಿಸಿಲಿನಿಂದ ಬರುವ ವಿದ್ಯುತ್ತನ್ನು ಕೂಡಿಟ್ಟು ಸಂಜೆಯ ಹೊತ್ತಿಗೆ ಕೊಡುವುದಷ್ಟೇ ಉದ್ದೇಶ ಎಂದು ಸರ್ಕಾರ ಹೇಳುತ್ತಿರುವಾಗ, ಕಾಡನ್ನೇ ನಂಬಿ ಬದುಕುವ ಜನ ಇದನ್ನು ಏಕೆ ವಿರೋಧಿಸಬೇಕು? ಪರಿಸರ ಉಳಿಯಬೇಕು ಎನ್ನುವವರೇ ಪರಿಸರಸ್ನೇಹಿ ವಿದ್ಯುತ್ತಿಗೆ ಅಡ್ಡ ನಿಂತರೆ ಹೇಗೆ?

ಇದೇ ಪ್ರಶ್ನೆಯನ್ನು ನಾರ್ವೆ ದೇಶ ಹತ್ತು ವರ್ಷಕ್ಕೂ ಹೆಚ್ಚು ಕಾಲ ಎದುರಿಸಿತು. ಅಲ್ಲಿ ವಿರೋಧ ಬಂದದ್ದು ಗಾಳಿಯಂತ್ರಗಳಿಗೆ, ವಿರೋಧಿಸಿದವರು ಆ ನೆಲದ ಮೂಲನಿವಾಸಿಗಳಾದ ಸಾಮಿ ಜನ. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಸಾಮಿಗಳು ಗೆದ್ದರು. ಆದರೂ ಗಾಳಿಯಂತ್ರಗಳು ಇಂದಿಗೂ ತಿರುಗುತ್ತಿವೆ. ಗೆದ್ದ ಮೇಲೂ ಕಳೆದುಕೊಂಡದ್ದು ಮರಳಿ ಬಾರದೆ ಹೋದದ್ದು ಏಕೆ ಎಂಬುದು ಅರ್ಥವಾದರೆ, ಗೇರುಸೊಪ್ಪದ ಜನ ಈಗಲೇ ಏಕೆ ಇಷ್ಟು ಗಟ್ಟಿಯಾಗಿ ಮಾತನಾಡುತ್ತಿದ್ದಾರೆ ಎಂಬುದೂ ಅರ್ಥವಾಗುತ್ತದೆ.

ಫೋಸೆನ್‌ನಲ್ಲಿ ನಡೆದದ್ದು

ಫೋಸೆನ್ ಎಂಬುದು ನಾರ್ವೆಯ ಮಧ್ಯಭಾಗದ ಕರಾವಳಿಯಲ್ಲಿರುವ ಒಂದು ಪರ್ಯಾಯದ್ವೀಪ. ಸ್ಟೋರ್‌ಹೈಯಾ ಮತ್ತು ರೋವಾನ್ ಎಂಬ ಎರಡು ಎತ್ತರದ ಬಯಲುಗಳಲ್ಲಿ ಗಾಳಿಯಂತ್ರ ಸ್ಥಾವರಗಳಿಗೆ 2010ರಲ್ಲಿ ಪರವಾನಗಿ ಸಿಕ್ಕಿತು, 2013ರಲ್ಲಿ ಸಚಿವಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿ ತಲೆಮಾರುಗಳಿಂದ ಹಿಮಸಾರಂಗ ಮೇಯಿಸುತ್ತಿದ್ದ ಸಾಮಿ ಕುಟುಂಬಗಳು ಮೊದಲಿನಿಂದಲೂ ವಿರೋಧಿಸಿದವು. ಜನಾಂಗೀಯ ತಾರತಮ್ಯ ನಿವಾರಣೆಗಾಗಿ ಇರುವ ವಿಶ್ವಸಂಸ್ಥೆಯ ಸಮಿತಿ 2018ರ ಡಿಸೆಂಬರ್‌ನಲ್ಲಿ, ದೂರಿನ ವಿಚಾರಣೆ ಮುಗಿಯುವವರೆಗೆ ಕಾಮಗಾರಿ ನಿಲ್ಲಿಸಿ ಎಂದು ನಾರ್ವೆಗೆ ಕೋರಿತು. ಕಾಮಗಾರಿ ನಿಲ್ಲಲಿಲ್ಲ. ಎರಡೂ ಕಡೆ ಸೇರಿ 151 ಗಾಳಿಯಂತ್ರಗಳು ಎದ್ದು ನಿಂತವು.

2021ರ ಅಕ್ಟೋಬರ್ 11ರಂದು ನಾರ್ವೆಯ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 27ನೇ ವಿಧಿ ಅಲ್ಪಸಂಖ್ಯಾತ ಸಮುದಾಯಗಳಿಗೆ ತಮ್ಮ ಸಂಸ್ಕೃತಿಯನ್ನು ಅನುಭವಿಸುವ ಹಕ್ಕು ಕೊಡುತ್ತದೆ, ಹಿಮಸಾರಂಗ ಸಾಕಣೆ ಸಾಮಿಗಳಿಗೆ ಆದಾಯದ ಕಸುಬು ಮಾತ್ರವಾಗಿರದೆ ಸಂಸ್ಕೃತಿಯೇ ಆಗಿದೆ, ಈ ಸ್ಥಾವರಗಳು ಅದನ್ನು ನಶಿಸುವಂತೆ ಮಾಡುತ್ತವೆ, ಆದ್ದರಿಂದ ಪರವಾನಗಿ ಅಸಿಂಧು ಎಂಬುದು ತೀರ್ಪಿನ ಸಾರ. ಹಸಿರು ವಿದ್ಯುತ್ತಿನ ಅಗತ್ಯವನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ. ಆ ಅಗತ್ಯವನ್ನು ಸಾಮಿಗಳ ಬದುಕಿಗೆ ಇಷ್ಟು ಪೆಟ್ಟು ಕೊಡದ ಬೇರೆ ಮಾರ್ಗಗಳಿಂದಲೂ ಪೂರೈಸಬಹುದಿತ್ತು ಎಂದು ಹೇಳಿತು. ನಮ್ಮಲ್ಲಿ ಈ ತೀರ್ಪು ಬಹಳ ಸಲ ಗಾಳಿ ವಿದ್ಯುತ್ತಿನ ವಿರುದ್ಧದ ತೀರ್ಪು ಎಂದೇ ಉಲ್ಲೇಖವಾಗುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಅಲ್ಲಿ ನ್ಯಾಯಾಲಯ ಪರೀಕ್ಷಿಸಿದ್ದು ಸ್ಥಳದ ಆಯ್ಕೆಯನ್ನು.

ಗಾಳಿಯಂತ್ರದಿಂದ ಹಿಮಸಾರಂಗಕ್ಕೇನು ತೊಂದರೆ?

ಗಾಳಿಯಂತ್ರದ ಬುಡ ಹಿಡಿಯುವ ಜಾಗ ಚಿಕ್ಕದು. ಸುತ್ತಲಿನ ನೆಲ ಹಾಗೇ ಇರುತ್ತದೆಯಲ್ಲ, ದನ ಮೇಯಬಹುದಲ್ಲ ಎಂದು ಕೇಳುವುದು ಸಹಜ. ಚಿತ್ರದುರ್ಗ, ಗದಗದ ಬಯಲಿನಲ್ಲಿ ಯಂತ್ರದ ಕೆಳಗೇ ಕುರಿ ಮೇಯುವುದನ್ನು ನೋಡಿದವರಿಗೆ ಸಾಮಿಗಳ ದೂರು ಅತಿಯೆನಿಸಲೂಬಹುದು.

ವ್ಯತ್ಯಾಸ ಇರುವುದು ಪ್ರಾಣಿಯಲ್ಲಿ ಮತ್ತು ಋತುವಿನಲ್ಲಿ. ಹಿಮಸಾರಂಗ ಅರೆಪಳಗಿದ ಪ್ರಾಣಿ. ತಿರುಗುವ ರೆಕ್ಕೆ, ಸದ್ದು, ವಾಹನ ಓಡಾಡುವ ರಸ್ತೆ ಇರುವ ಕಡೆಯಿಂದ ಅದು ದೂರ ಸರಿಯುತ್ತದೆ. ಚಳಿಗಾಲದಲ್ಲಿ ಅದರ ಮುಖ್ಯ ಆಹಾರ ಹಿಮದ ಕೆಳಗೆ ಸಿಗುವ, ನಮ್ಮ ಕಲ್ಲುಹೂವಿನ ಬಳಗಕ್ಕೆ ಸೇರಿದ ಜೀವಿ. ಹಿಮ ತೆಳುವಾಗಿ ನಿಂತು ಆ ಮೇವು ಗೊರಸಿಗೆ ಎಟುಕುವಂಥ ಜಾಗ ಕೆಲವೇ ಕಡೆ ಇರುತ್ತದೆ, ಗಾಳಿ ಹಿಮವನ್ನು ಹಾರಿಸಿಕೊಂಡು ಹೋಗುವ ಎತ್ತರದ ಬಯಲುಗಳು ಅಂಥ ಜಾಗಗಳು. ಗಾಳಿಯಂತ್ರಕ್ಕೆ ಬೇಕಾದದ್ದೂ ಅದೇ ಗಾಳಿ, ಅದೇ ಎತ್ತರ. ಹೀಗೆ ಕಂಪನಿಗೆ ಅತ್ಯುತ್ತಮವೆನಿಸಿದ ನೆಲವೇ ಸಾಮಿಗಳಿಗೆ ಚಳಿಗಾಲದ ಕೊನೆಯ ಆಸರೆಯಾಗಿತ್ತು. ಬೇಸಿಗೆಯ ಹುಲ್ಲುಗಾವಲು ಎಷ್ಟಿದ್ದರೂ, ಒಂದು ಹಿಂಡು ಎಷ್ಟು ದೊಡ್ಡದಿರಬಹುದು ಎಂಬುದನ್ನು ನಿರ್ಧರಿಸುವುದು ಚಳಿಗಾಲದ ಮೇವು.

ಕೆಳಹಂತದ ನ್ಯಾಯಾಲಯ ಇದಕ್ಕೆ ಪರಿಹಾರವೆಂದು, ಚಳಿಗಾಲದಲ್ಲಿ ಹಿಮಸಾರಂಗಗಳನ್ನು ಬೇಲಿಯೊಳಗೆ ಕೂಡಿಹಾಕಿ ಮೇವು ಹಾಕಲು ಸುಮಾರು 9 ಕೋಟಿ ಕ್ರೋನರ್ ಗೊತ್ತುಪಡಿಸಿತ್ತು. ಬೇಲಿಯೊಳಗೆ ಮೇವು ತಿನ್ನುವ ಹಿಂಡು ಸಾಮಿಗಳ ಪಾರಂಪರಿಕ ಅಲೆಮಾರಿ ಸಾಕಣೆಯಿಂದ ತೀರ ದೂರದ್ದು. ಹಾಗಾಗಿ ಸುಪ್ರೀಂ ಕೋರ್ಟ್ ಆ ಪರಿಹಾರವನ್ನು ಆಧಾರವಾಗಿ ಸ್ವೀಕರಿಸಲಿಲ್ಲ. ಹಣದಿಂದ ತುಂಬಲಾಗದ ನಷ್ಟ ಎಂದು ಜನ ಹೇಳುವುದನ್ನು ನಾವು ಭಾವುಕತೆ ಎಂದು ಬದಿಗಿಡುತ್ತೇವೆ. ಇಲ್ಲಿ ಅದು ನ್ಯಾಯಾಲಯದ ತರ್ಕವೇ ಆಯಿತು.

ಗೆದ್ದವರಿಗೆ ಸಿಕ್ಕಿದ್ದು

ಪರವಾನಗಿ ಅಸಿಂಧು ಎಂದ ನ್ಯಾಯಾಲಯ, ನಿಂತಿರುವ ಯಂತ್ರಗಳನ್ನು ಏನು ಮಾಡಬೇಕೆಂದು ಹೇಳಲಿಲ್ಲ. ಸರ್ಕಾರ ಆ ಮೌನವನ್ನು ಬಳಸಿಕೊಂಡಿತು. ತೀರ್ಪಿನ ನಂತರ 500 ದಿನಗಳಾದರೂ ಏನೂ ಬದಲಾಗಲಿಲ್ಲ. 2023ರ ಫೆಬ್ರವರಿಯಲ್ಲಿ ಸಾಮಿ ಯುವಜನರು ರಾಜಧಾನಿ ಓಸ್ಲೋದಲ್ಲಿ ಇಂಧನ ಸಚಿವಾಲಯದೊಳಗೆ ಧರಣಿ ಕೂತರು. ಹವಾಮಾನ ಹೋರಾಟಗಾರ್ತಿ ಗ್ರೇಟಾ ಥುನ್‌ಬರ್ಗ್ ಅವರೊಂದಿಗೆ ಸೇರಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು, ಏಕೆಂದರೆ ಕಲ್ಲಿದ್ದಲು ಮತ್ತು ತೈಲದ ವಿರುದ್ಧ ದನಿಯೆತ್ತಿದ ಹುಡುಗಿ ಈಗ ಗಾಳಿಯಂತ್ರದ ವಿರುದ್ಧ ಕೂತಿದ್ದಳು. ಸರ್ಕಾರ ಮಾನವ ಹಕ್ಕಿನ ಉಲ್ಲಂಘನೆ ನಡೆದಿದೆ ಎಂದು ಒಪ್ಪಿ ಕ್ಷಮೆ ಕೇಳಿತು.

ಕೊನೆಗೆ 2023ರ ಡಿಸೆಂಬರ್‌ನಲ್ಲಿ ದಕ್ಷಿಣ ಫೋಸೆನ್‌ನ ಕುಟುಂಬಗಳೊಂದಿಗೆ, 2024ರ ಮಾರ್ಚ್‌ನಲ್ಲಿ ಉತ್ತರ ಫೋಸೆನ್‌ನ ಕುಟುಂಬಗಳೊಂದಿಗೆ ರಾಜಿ ಒಪ್ಪಂದಗಳಾದವು. ದಕ್ಷಿಣದವರ ಒಪ್ಪಂದದ ಪ್ರಕಾರ ಯಂತ್ರಗಳು ಪರವಾನಗಿಯ ಅವಧಿ ಮುಗಿಯುವವರೆಗೆ ನಡೆಯುತ್ತವೆ, ಕಂಪನಿ ವರ್ಷಕ್ಕೆ ಸುಮಾರು 70 ಲಕ್ಷ ಕ್ರೋನರ್ ಕೊಡುತ್ತದೆ, ಸರ್ಕಾರ ಬೇರೆಡೆ ಚಳಿಗಾಲದ ಹುಲ್ಲುಗಾವಲು ಹುಡುಕಿಕೊಡುತ್ತದೆ, 2045ರ ಬಳಿಕ ಪರವಾನಗಿ ಮುಂದುವರಿಸುವುದನ್ನು ತಡೆಯುವ ಹಕ್ಕು ಸಾಮಿಗಳಿಗೆ ಇರುತ್ತದೆ. ಮೂಲನಿವಾಸಿಗಳ ಹಕ್ಕುಗಳ ಕುರಿತ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ಐಎಲ್‌ಒ) 169ನೇ ಒಡಂಬಡಿಕೆಯನ್ನು 1990ರಲ್ಲೇ ಎಲ್ಲರಿಗಿಂತ ಮೊದಲು ಅಂಗೀಕರಿಸಿದ ದೇಶ, ಪ್ರತ್ಯೇಕ ಸಾಮಿ ಸಂಸತ್ತು ಇರುವ ದೇಶ, ಶ್ರೀಮಂತ ದೇಶ: ಅಲ್ಲಿಯೂ ಇಷ್ಟೇ. ಕಾರಣ ಒಂದೇ. ಕಾಮಗಾರಿ ಮೊದಲು ಮುಗಿಯಿತು, ತೀರ್ಪು ಆಮೇಲೆ ಬಂತು. ಸಾವಿರಾರು ಕೋಟಿ ಖರ್ಚಾದ ಮೇಲೆ ಯಾವ ಸರ್ಕಾರಕ್ಕೂ ಯಂತ್ರ ಕೀಳಿಸುವ ಮನಸ್ಸು ಬರುವುದಿಲ್ಲ, ರಸ್ತೆಯಾಗಿ ಸೀಳಿದ ನೆಲ ಆದೇಶದಿಂದ ಕೂಡಿಕೊಳ್ಳುವುದೂ ಇಲ್ಲ.

ಶರಾವತಿಯಲ್ಲಿ ಆಗುತ್ತಿರುವುದೇನು

ಉತ್ತರ ಕನ್ನಡದಲ್ಲಿ ದೊಡ್ಡ ಗಾಳಿಯಂತ್ರ ಸ್ಥಾವರಗಳಿಲ್ಲ. ಆದರೆ ಬಯಲುಸೀಮೆಯ ಗಾಳಿಯಂತ್ರಗಳ ಭಾರ ಘಟ್ಟದ ಮೇಲೆ ಬೀಳುತ್ತಿದೆ, ಮತ್ತು ಅದು ಬೀಳುವ ಬಗೆಯನ್ನು ತುಸು ನಿಧಾನವಾಗಿ ನೋಡಬೇಕು. ಕರ್ನಾಟಕದಲ್ಲಿ ಗಾಳಿ ವಿದ್ಯುತ್ತಿನ ಸಾಮರ್ಥ್ಯ 7,000 ಮೆಗಾವಾಟ್ ದಾಟಿದೆ, ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಬಿಸಿಲು ಮಧ್ಯಾಹ್ನಕ್ಕೆ ಏರಿ ಸಂಜೆಗೆ ಇಳಿಯುತ್ತದೆ, ಬೇಡಿಕೆ ಸಂಜೆಗೆ ಏರುತ್ತದೆ. ಗಾಳಿ ಮಳೆಗಾಲದಲ್ಲಿ ಬಿರುಸು, ಉಳಿದ ತಿಂಗಳುಗಳಲ್ಲಿ ಅದನ್ನು ನೆಚ್ಚುವಂತಿಲ್ಲ. ಹೆಚ್ಚಾದಾಗ ಕೂಡಿಡುವ, ಕಡಿಮೆಯಾದಾಗ ಕೊಡುವ ವ್ಯವಸ್ಥೆ ಇಲ್ಲದಿದ್ದರೆ ಇಷ್ಟು ವಿದ್ಯುತ್ತಿನಿಂದ ಪೂರ್ಣ ಪ್ರಯೋಜನ ಸಿಗುವುದಿಲ್ಲ. 2030ರೊಳಗೆ ಪಳೆಯುಳಿಕೆಯೇತರ ಮೂಲಗಳಿಂದ 5 ಲಕ್ಷ ಮೆಗಾವಾಟ್ ಸಾಮರ್ಥ್ಯ ಎಂಬ ದೇಶದ ಗುರಿಯಿಂದಾಗಿ ಈ ಒತ್ತಡ ಇನ್ನಷ್ಟು ಹೆಚ್ಚಿದೆ.

ಪಂಪ್ಡ್ ಸ್ಟೋರೇಜ್ ಎಂದರೆ ನೀರಿನ ಬ್ಯಾಟರಿ. ಸಾಗರ ತಾಲ್ಲೂಕಿನ ತಲಕಳಲೆ ಜಲಾಶಯ ಮೇಲೆ, ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪ ಜಲಾಶಯ ಕೆಳಗೆ. ವಿದ್ಯುತ್ ಹೆಚ್ಚಿರುವಾಗ ಕೆಳಗಿನ ನೀರನ್ನು ಸುರಂಗದ ಮೂಲಕ ಮೇಲಕ್ಕೆ ತಳ್ಳುವುದು, ಬೇಡಿಕೆ ಏರಿದಾಗ ಅದೇ ನೀರನ್ನು ಇಳಿಸಿ ವಿದ್ಯುತ್ ತೆಗೆಯುವುದು. ಕರ್ನಾಟಕ ವಿದ್ಯುತ್ ನಿಗಮ ಉದ್ದೇಶಿಸಿರುವ ಸಾಮರ್ಥ್ಯ 2,000 ಮೆಗಾವಾಟ್, ಅಂದರೆ ತಲಾ 250 ಮೆಗಾವಾಟ್‌ನ ಎಂಟು ಘಟಕಗಳು, ಭೂಮಿಯೊಳಗಿನ ವಿದ್ಯುದಾಗಾರದಲ್ಲಿ. ಮೇಲೆತ್ತಲು 100 ಯೂನಿಟ್ ಖರ್ಚಾದರೆ ಮರಳಿ ಸಿಗುವುದು 75ರಿಂದ 80 ಯೂನಿಟ್. ಈ ನಷ್ಟ ಎಲ್ಲ ಪಂಪ್ಡ್ ಸ್ಟೋರೇಜ್ ಯೋಜನೆಗಳಿಗೂ ಸಾಮಾನ್ಯವಾದದ್ದರಿಂದ, ಇದನ್ನೇ ಶರಾವತಿಯ ವಿರುದ್ಧದ ಮುಖ್ಯ ಆಕ್ಷೇಪವಾಗಿಸುವುದರಲ್ಲಿ ಅರ್ಥವಿಲ್ಲ.

ಗಟ್ಟಿಯಾದ ಆಕ್ಷೇಪ ಇರುವುದು ಜಾಗದ ಬಗ್ಗೆ. ಎರಡು ಜಲಾಶಯಗಳ ನಡುವಿನ ಕಾಡು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದೊಳಗಿದೆ. ಸುಮಾರು 54 ಹೆಕ್ಟೇರ್ ಅರಣ್ಯಭೂಮಿ ಯೋಜನೆಗೆ ಬೇಕು, ಆರಂಭದ ಪ್ರಸ್ತಾವದಲ್ಲಿ 16,000ಕ್ಕೂ ಹೆಚ್ಚು ಮರಗಳ ಲೆಕ್ಕವಿತ್ತು. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ, ಮರದಿಂದ ಮರಕ್ಕೆ ಸಾಗಿಯೇ ಅದರ ಬದುಕು. ಆದ್ದರಿಂದ ನಷ್ಟವಾಗುವ ಹೆಕ್ಟೇರ್‌ಗಿಂತಲೂ ರಸ್ತೆಗಾಗಿ ಕಾಡಿನ ನೆತ್ತಿ ಎಲ್ಲಿ ತುಂಡಾಗುತ್ತದೆ ಎಂಬುದು ಮುಖ್ಯ. ಫೋಸೆನ್‌ನಲ್ಲಿ ಯಂತ್ರದ ಬುಡದ ಅಳತೆ ಲೆಕ್ಕ ತಪ್ಪಿಸಿದಂತೆ ಇಲ್ಲಿ 54 ಹೆಕ್ಟೇರ್ ಎಂಬ ಅಂಕಿಯೂ ದಾರಿ ತಪ್ಪಿಸಬಲ್ಲದು.

ಇದರ ಜೊತೆಗೆ ಗುಡ್ಡದ ಭಯವಿದೆ. 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಜಿಲ್ಲೆ ಮರೆತಿಲ್ಲ. ಮಳೆನೀರು ಕುಡಿದು ಭಾರವಾದ ಇಳಿಜಾರಿನ ಬುಡ ಕತ್ತರಿಸಿದರೆ ಏನಾಗುತ್ತದೆ ಎಂಬುದನ್ನು ಶಿರೂರಿನ ಹೆದ್ದಾರಿ ತೋರಿಸಿಕೊಟ್ಟ ಮೇಲೆ, ಘಟ್ಟದ ಒಡಲಲ್ಲಿ ಸುರಂಗ ಕೊರೆಯುತ್ತೇವೆ, ಅಗೆದ ಕಲ್ಲುಮಣ್ಣನ್ನು ಸುರಕ್ಷಿತವಾಗಿ ಇಡುತ್ತೇವೆ ಎಂಬ ಭರವಸೆಯನ್ನು ಜನ ಮೊದಲಿನಂತೆ ನಂಬುತ್ತಿಲ್ಲ.

ಪರ ಮತ್ತು ವಿರುದ್ಧ

ಯೋಜನೆಯ ಪರವಾಗಿರುವವರ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಎರಡು ಜಲಾಶಯಗಳೂ ಈಗಾಗಲೇ ಇರುವುದರಿಂದ ಹೊಸ ಮುಳುಗಡೆ ಇಲ್ಲ, ನೀರು ಅಲ್ಲಲ್ಲೇ ಸುತ್ತುವುದರಿಂದ ನದಿಯ ನೀರು ಹೆಚ್ಚು ಖರ್ಚಾಗುವುದಿಲ್ಲ, ಯಂತ್ರಗಳು ದಶಕಗಳ ಕಾಲ ಬಾಳುತ್ತವೆ, ಕೆಲವೇ ನಿಮಿಷಗಳಲ್ಲಿ ವಿದ್ಯುತ್ ಕೊಡುತ್ತವೆ. ಕೂಡಿಡುವ ವ್ಯವಸ್ಥೆ ಇಲ್ಲದಿದ್ದರೆ ಸಂಜೆಯ ಬೇಡಿಕೆಗೆ ಕಲ್ಲಿದ್ದಲೇ ಗತಿ, ಕಲ್ಲಿದ್ದಲು ಸುಟ್ಟರೆ ಬಿಸಿಯಾಗುವ ಹವೆ ಪಶ್ಚಿಮ ಘಟ್ಟದ ಮಳೆಯನ್ನೂ ಕೆಡಿಸುತ್ತದೆ. ಈ ತರ್ಕ ಪ್ರಾಮಾಣಿಕವಾದದ್ದು.

ವಿರೋಧಿಸುವವರು ಬೇರೆ ದಾರಿಗಳನ್ನು ಮುಂದಿಡುತ್ತಾರೆ. ಬ್ಯಾಟರಿಗಳ ಬೆಲೆ ಕಳೆದ ಕೆಲವು ವರ್ಷಗಳಲ್ಲಿ ತೀವ್ರವಾಗಿ ಇಳಿದಿದೆ, ಅವನ್ನು ಸೌರ ಪಾರ್ಕಿನ ಪಕ್ಕದಲ್ಲೇ ಇಡಬಹುದು. ನದಿಯಿಂದ ಹೊರಗೆ, ದಟ್ಟ ಕಾಡಿಲ್ಲದ ಕಡೆ ಪಂಪ್ಡ್ ಸ್ಟೋರೇಜ್ ಸಾಧ್ಯ ಎಂಬುದಕ್ಕೆ ಆಂಧ್ರದ ಪಿನ್ನಾಪುರಂ ಉದಾಹರಣೆಯಿದೆ. ಬ್ಯಾಟರಿಗಳು ಸಾಮಾನ್ಯವಾಗಿ ಕೆಲವು ಗಂಟೆಗಳಷ್ಟೇ ಬರುತ್ತವೆ, ಆಯುಷ್ಯವೂ ಕಡಿಮೆ ಎಂಬುದು ನಿಜ. ಆದರೆ ನಾರ್ವೆಯ ನ್ಯಾಯಾಲಯ ಕೇಳಿದ ಪ್ರಶ್ನೆ ಇಲ್ಲಿಗೂ ಹೊಂದುತ್ತದೆ. ಅಗತ್ಯವಿದೆ ಎಂದಾದ ಮೇಲೂ, ಅದನ್ನು ಇಲ್ಲಿಯೇ ಪೂರೈಸಬೇಕು ಎಂದು ತೋರಿಸುವ ಹೊಣೆ ಯೋಜನೆ ತರುವವರ ಮೇಲಿದೆ. ಆ ಹೊಣೆಯನ್ನು ವಿದ್ಯುತ್ ನಿಗಮ ತೃಪ್ತಿಕರವಾಗಿ ಹೊತ್ತಿದೆ ಎಂದು ಹೇಳುವುದು ಕಷ್ಟ. ಕೇಂದ್ರ ಪರಿಸರ ಸಚಿವಾಲಯದ ಪ್ರಾದೇಶಿಕ ಕಚೇರಿಯ ಸ್ಥಳಪರಿಶೀಲನಾ ವರದಿಯೇ ಅನುಮತಿ ಬೇಡವೆಂದು ಶಿಫಾರಸು ಮಾಡಿತು, 2025ರ ಅಕ್ಟೋಬರ್‌ನಲ್ಲಿ ಅರಣ್ಯ ಸಲಹಾ ಸಮಿತಿ ತೀರ್ಮಾನವನ್ನು ಮುಂದೂಡಿತು. ಅದೇ ವರ್ಷದ ಜೂನ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟಿತ್ತು. ಒಂದೇ ಕಾಡಿನ ಬಗ್ಗೆ ಸರ್ಕಾರದ ಎರಡು ಅಂಗಗಳು ಬೇರೆ ಬೇರೆ ದಿಕ್ಕಿನಲ್ಲಿ ಮಾತನಾಡಿದ್ದು ಓದುಗರ ಗೊಂದಲಕ್ಕೆ ಇನ್ನೊಂದು ಕಾರಣ.

ಮೂಲನಿವಾಸಿ ಎಂದು ಯಾರನ್ನು ಕರೆಯುವುದು?

ಫೋಸೆನ್ ಮತ್ತು ಗೇರುಸೊಪ್ಪದ ನಡುವೆ ಇರುವ ಅತಿ ದೊಡ್ಡ ಅಂತರ ಇಲ್ಲಿದೆ. ಸಾಮಿಗಳು ಮೂಲನಿವಾಸಿಗಳು ಎಂಬುದನ್ನು ನಾರ್ವೆಯ ಕಾನೂನು ಒಪ್ಪಿದೆ. ಮೇಲೆ ಹೇಳಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಅಲ್ಲಿ 1999ರ ಮಾನವ ಹಕ್ಕುಗಳ ಕಾಯ್ದೆಯ ಮೂಲಕ ಇತರ ಕಾನೂನುಗಳಿಗಿಂತ ಮೇಲಿನ ಸ್ಥಾನವಿದೆ. ಭಾರತವೂ 1979ರಲ್ಲಿ ಅದೇ ಒಡಂಬಡಿಕೆಗೆ ಸೇರಿದೆ, ಆದರೆ ನಮ್ಮಲ್ಲಿ ಅಂತರರಾಷ್ಟ್ರೀಯ ಒಡಂಬಡಿಕೆ ತಾನಾಗಿ ಕಾನೂನಾಗುವುದಿಲ್ಲ. ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬುದು ದೇಶದ ಅಧಿಕೃತ ನಿಲುವು. ಹೀಗಾಗಿ ನಮ್ಮ ಕಾನೂನು ಗುರುತಿಸುವ ಹತ್ತಿರದ ವರ್ಗವೆಂದರೆ ಪರಿಶಿಷ್ಟ ಪಂಗಡ.

ಉತ್ತರ ಕನ್ನಡದ ಮಟ್ಟಿಗೆ ಆ ಪಟ್ಟಿ ಮತ್ತು ವಾಸ್ತವ ಒಂದಕ್ಕೊಂದು ತಾಳೆಯಾಗುವುದಿಲ್ಲ. ಸಿದ್ದಿಗಳು 2003ರಲ್ಲಿ ಪಟ್ಟಿಗೆ ಸೇರಿದರು. ಕಾರವಾರದಿಂದ ಹೊನ್ನಾವರದವರೆಗಿನ ಹಾಲಕ್ಕಿ ಒಕ್ಕಲಿಗರು, ಜೋಯಿಡಾದ ಕುಣಬಿಗಳು, ಯಲ್ಲಾಪುರ ಮುಂಡಗೋಡದ ಗೌಳಿಗಳು ದಶಕಗಳಿಂದ ಬೇಡಿಕೆ ಇಟ್ಟರೂ ಸೇರಿಲ್ಲ. ಗೋವಾದ ಕುಣಬಿಗಳು 2003ರಿಂದ ಪರಿಶಿಷ್ಟ ಪಂಗಡ. ಗಡಿಯ ಈಚೆ, ಅವರದೇ ನೆಂಟರಿಷ್ಟರಾದ ಜೋಯಿಡಾದ ಕುಣಬಿಗಳು ಅಲ್ಲ. ಹಾಡಿನ ಕಣಜವೆಂದು ಹೆಸರಾದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲೇ ನಡೆದುಬಂದು ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದಾಗ, ಕಾಡಿನ ಜ್ಞಾನದ ಭಂಡಾರ ಎಂದು ದೇಶವೇ ಕೊಂಡಾಡಿತು. ಇಬ್ಬರೂ ಹಾಲಕ್ಕಿಗಳು. ವ್ಯಕ್ತಿಯನ್ನು ಕಾಡಿನ ಮಗಳೆಂದು ಗೌರವಿಸಿದ ವ್ಯವಸ್ಥೆ ಆಕೆಯ ಸಮುದಾಯವನ್ನು ಕಾಡಿನ ಸಮುದಾಯವೆಂದು ಕಾಗದದ ಮೇಲೆ ಇನ್ನೂ ಬರೆದಿಲ್ಲ.

ಈ ವರ್ಗೀಕರಣದ ಪರಿಣಾಮ ನೇರವಾಗಿ ಭೂಮಿಯ ಮೇಲೆ ಆಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿ ಇದ್ದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಾಂಕಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ ಮೊದಲಿನಿಂದ ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. 1930ಕ್ಕಿಂತ ಹಿಂದಿನ ದಾಖಲೆಯನ್ನು ಯಾರು ಇಟ್ಟಿರುತ್ತಾರೆ? ಗೇರುಸೊಪ್ಪದ ಸುತ್ತಲಿನ ಬೆಟ್ಟಗಳಲ್ಲಿ ಕುಮ್ರಿ ಬೇಸಾಯ (ಕಾಡು ಕಡಿದು ಸುಟ್ಟು, ಜಾಗ ಬದಲಿಸುತ್ತ ಮಾಡುವ ಬೇಸಾಯ) ಮಾಡಿಕೊಂಡಿದ್ದ ಕುಮ್ರಿ ಮರಾಠಿಗಳ ಕಸುಬನ್ನು ಬ್ರಿಟಿಷ್ ಅರಣ್ಯ ಆಡಳಿತ 19ನೇ ಶತಮಾನದಲ್ಲೇ ನಿರ್ಬಂಧಿಸಿತ್ತು. ನಿರ್ಬಂಧಕ್ಕೊಳಗಾದ ಬೇಸಾಯಕ್ಕೆ ಸರ್ಕಾರವೇ ಕಾಗದ ಕೊಟ್ಟಿರುವುದು ಹೇಗೆ ಸಾಧ್ಯ? ಕಾಯ್ದೆಯ ನಿಯಮಗಳು ಊರ ಹಿರಿಯರ ಲಿಖಿತ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಹಾಗಿದ್ದರೂ ಜಿಲ್ಲೆಯಲ್ಲಿ ಬಹುಪಾಲು ಅರ್ಜಿಗಳು ದಾಖಲೆಯಿಲ್ಲ ಎಂಬ ಕಾರಣಕ್ಕೆ ತಿರಸ್ಕೃತವಾಗಿವೆ, ಅರ್ಜಿದಾರರನ್ನು ಇಂದಿಗೂ ‘ಅತಿಕ್ರಮಣದಾರ’ ಎಂದೇ ಕರೆಯಲಾಗುತ್ತದೆ.

ಹತ್ತು ಗುಂಟೆ ಗದ್ದೆ ಮಾಡಿಕೊಂಡವನಿಗೆ ಅಭಯಾರಣ್ಯದ ನೆಪ ಹೇಳಿ ಹಕ್ಕುಪತ್ರ ತಡೆಹಿಡಿದ ಆಡಳಿತವೇ, ಅದೇ ಅಭಯಾರಣ್ಯದೊಳಗೆ 54 ಹೆಕ್ಟೇರ್ ಬಿಟ್ಟುಕೊಡಲು ಮುಂದಾದರೆ, ಜನರ ಸಿಟ್ಟಿಗೆ ಬೇರೆ ವಿವರಣೆ ಬೇಕಿಲ್ಲ. 2019ರಲ್ಲಿ ಅಭಯಾರಣ್ಯ ವಿಸ್ತರಣೆಯಾದಾಗ ತಕರಾರು ತೆಗೆದ ಊರುಗಳೇ ಇಂದು ಸಿಂಗಳೀಕದ ಹೆಸರಿನಲ್ಲಿ ಯೋಜನೆಯನ್ನು ವಿರೋಧಿಸುತ್ತಿವೆ ಎಂದು ಟೀಕಿಸುವವರಿದ್ದಾರೆ. ನನ್ನ ಮಟ್ಟಿಗೆ ಇದರಲ್ಲಿ ವಿರೋಧಾಭಾಸವಿಲ್ಲ. ಎರಡೂ ಸಂದರ್ಭಗಳಲ್ಲಿ ಆ ಜನ ಕೇಳಿದ್ದು ತಮ್ಮನ್ನು ಕೇಳದೆ ಕಾಡಿನ ಗೆರೆ ಎಳೆಯಬೇಡಿ ಎಂದು.

ಅಹವಾಲು ಬೇರೆ, ಒಪ್ಪಿಗೆ ಬೇರೆ

ಗೇರುಸೊಪ್ಪದ ಸಭೆಯಲ್ಲಿ ಬಹುತೇಕರು ಬೇಡವೆಂದ ಮೇಲೆ ಯೋಜನೆ ರದ್ದಾಗಬೇಕಲ್ಲವೇ ಎಂದು ಹಲವರು ಕೇಳುತ್ತಾರೆ. ಆಗುವುದಿಲ್ಲ. 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯಡಿ ನಡೆಯುವ ಅಹವಾಲು ಸಭೆ ಅಭಿಪ್ರಾಯ ಕೇಳುವ ಸಭೆ. ಮಾತುಗಳು ದಾಖಲಾಗುತ್ತವೆ, ಆಕ್ಷೇಪಗಳಿಗೆ ಯೋಜನೆಯವರು ಉತ್ತರ ಕೊಡಬೇಕು, ತಜ್ಞರ ಸಮಿತಿ ಶಿಫಾರಸು ಮಾಡುತ್ತದೆ, ತೀರ್ಮಾನ ಪರಿಸರ ಸಚಿವಾಲಯದ್ದು. (ಗಾಳಿಯಂತ್ರ ಮತ್ತು ಸೌರ ಸ್ಥಾವರಗಳಿಗಾದರೆ ಈ ಅಧಿಸೂಚನೆಯೇ ಅನ್ವಯಿಸುವುದಿಲ್ಲ, ಅಲ್ಲಿ ಇಷ್ಟು ಮಾತನಾಡುವ ಅವಕಾಶವೂ ಇಲ್ಲ.)

ಒಪ್ಪಿಗೆ ಎಂಬ ಪದ ಬರುವುದು ಅರಣ್ಯ ಹಕ್ಕು ಕಾಯ್ದೆಯ ಹಾದಿಯಲ್ಲಿ. ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಟ್ಟುಕೊಡುವ ಮೊದಲು ಹಕ್ಕು ಗುರುತಿಸುವ ಕೆಲಸ ಮುಗಿದಿರಬೇಕು, ಸಂಬಂಧಪಟ್ಟ ಗ್ರಾಮಸಭೆ ಒಪ್ಪಿ ಠರಾವು ಮಾಡಿರಬೇಕು ಎಂದು ಕೇಂದ್ರ ಪರಿಸರ ಸಚಿವಾಲಯ 2009ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ಒಡಿಶಾದ ನಿಯಮಗಿರಿ ಬೆಟ್ಟದ ಗಣಿಗಾರಿಕೆ ಪ್ರಕರಣದಲ್ಲಿ 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್, ಅಲ್ಲಿನ ಆದಿವಾಸಿಗಳಾದ ಡೋಂಗ್ರಿಯಾ ಕೊಂಧರ ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದಿತು. ಹನ್ನೆರಡು ಗ್ರಾಮಸಭೆಗಳೂ ಗಣಿಗಾರಿಕೆ ಬೇಡವೆಂದವು, ಗಣಿ ಬರಲಿಲ್ಲ. ಅಲ್ಲಿ ಗುಡ್ಡ ಅಗೆಯುವ ಮೊದಲೇ ಪ್ರಶ್ನೆ ಕೇಳಲಾಗಿತ್ತು ಎಂಬುದನ್ನು ಫೋಸೆನ್‌ನ ಜೊತೆ ಇಟ್ಟು ನೋಡಬೇಕು.

ಆದರೆ ಆ ರಕ್ಷಣೆ ಈಗ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ. 2022ರ ಅರಣ್ಯ ಸಂರಕ್ಷಣಾ ನಿಯಮಗಳು ಕ್ರಮವನ್ನೇ ಬದಲಿಸಿದವು, ಅವುಗಳ ಜಾಗಕ್ಕೆ 2023ರಲ್ಲಿ ಬಂದ ನಿಯಮಗಳೂ ಅದನ್ನೇ ಮುಂದುವರಿಸಿದವು. ಕೇಂದ್ರದ ಅನುಮತಿ ಮೊದಲು, ಅರಣ್ಯ ಹಕ್ಕುಗಳ ಪಾಲನೆ ನೋಡಿಕೊಳ್ಳುವ ಹೊಣೆ ನಂತರದ ಹಂತದಲ್ಲಿ ರಾಜ್ಯ ಸರ್ಕಾರದ್ದು. ಇಲ್ಲಿ ಯೋಜನೆ ತರುತ್ತಿರುವುದೇ ರಾಜ್ಯ ಸರ್ಕಾರದ ನಿಗಮ. ಇನ್ನೊಂದು ಕೊರತೆಯೂ ಇದೆ. ಗ್ರಾಮಸಭೆಗಳಿಗೆ ಹೆಚ್ಚಿನ ಬಲ ಕೊಡುವ 1996ರ ಪೆಸಾ ಕಾಯ್ದೆ ಅನ್ವಯಿಸುವುದು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಗೆ ಮಾತ್ರ, ಕರ್ನಾಟಕದಲ್ಲಿ ಅಂಥ ಪ್ರದೇಶವೇ ಇಲ್ಲ.

ಅಳಿವೆಯ ಲೆಕ್ಕ

ಅಹವಾಲು ಸಭೆಯಲ್ಲಿ ಬೆಟ್ಟದವರ ಜೊತೆ ಹೊಳೆಯ ಕೆಳಗಿನವರೂ ಬಂದು ಮಾತನಾಡಿದ್ದೇಕೆ ಎಂಬುದನ್ನು ಬಿಡಿಸಿ ಹೇಳುವುದು ಅಗತ್ಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಬಳಿಕ, ವಿದ್ಯುತ್ ತೆಗೆದು ಬಿಟ್ಟ ಸಿಹಿನೀರು ಶರಾವತಿಯಲ್ಲಿ ವರ್ಷವಿಡೀ ಹರಿಯತೊಡಗಿತು. ಕೇಳಲು ಇದು ಒಳ್ಳೆಯದೇ. ಆದರೆ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಉಪ್ಪಿನಂಶ ಇಳಿದು, ಉಪ್ಪು ಬೇಡುವ ಚಿಪ್ಪು ಜೀವಿಗಳು ಕ್ಷೀಣಿಸಿದವು. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಇಂದಿಗೂ ಬಳಚು ಎಂಬ ಚಿಪ್ಪು ಜೀವಿಯನ್ನು ಹೆಕ್ಕಿ ಸಾವಿರಾರು ಕುಟುಂಬಗಳು ಬದುಕುತ್ತಿವೆ. ಎರಡು ಅಳಿವೆಗಳ ನಡುವಿನ ದೂರ ಕೆಲವೇ ಹರದಾರಿ.

ಅರವತ್ತು ವರ್ಷಗಳಲ್ಲಿ ಹೊಳೆಯ ಕೆಳದಂಡೆ ಈ ಹೊಸ ಹರಿವಿಗೂ ಹೊಂದಿಕೊಂಡಿದೆ. ದಂಡೆಯ ಅಡಿಕೆ ತೆಂಗಿನ ತೋಟಗಳು, ಬಾವಿಗಳು, ಕುಡಿಯುವ ನೀರಿನ ಯೋಜನೆಗಳು ಈಗ ಆ ಸಿಹಿನೀರನ್ನೇ ನೆಚ್ಚಿವೆ. ಗೇರುಸೊಪ್ಪದ ನೀರು ದಿನವೂ ಮೇಲೆ ಕೆಳಗೆ ಓಡಾಡತೊಡಗಿದರೆ, ಕೆಳಗೆ ಬಿಡುವ ಪ್ರಮಾಣ ಮತ್ತು ಹೊತ್ತು ಬದಲಾಗಿ ಬೇಸಿಗೆಯಲ್ಲಿ ಉಪ್ಪುನೀರು ಒಳನುಗ್ಗಬಹುದು ಎಂಬುದು ಅವರ ಆತಂಕ. ನೀರು ಖರ್ಚಾಗುವುದಿಲ್ಲ ಎಂಬ ನಿಗಮದ ಉತ್ತರ ಈ ಪ್ರಶ್ನೆಯನ್ನು ಮುಟ್ಟುವುದಿಲ್ಲ, ಏಕೆಂದರೆ ಅವರು ಕೇಳುತ್ತಿರುವುದು ಯಾವ ತಿಂಗಳಲ್ಲಿ, ಎಷ್ಟು ನೀರು ಕೆಳಗೆ ಬಿಡುತ್ತೀರಿ ಎಂದು.

ಹಳೆಯ ಅನುಭವವೂ ಅಪನಂಬಿಕೆಗೆ ಇಂಬು ಕೊಟ್ಟಿದೆ. ಲಿಂಗನಮಕ್ಕಿಯ ಹಿನ್ನೀರು ಕತ್ತರಿಸಿಹಾಕಿದ ಕರೂರು ಸೀಮೆಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಮುಳುಗಡೆ ಸಂತ್ರಸ್ತರ ಭೂಮಿಯ ಕಾಗದಪತ್ರ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಕಾಳಿ ನದಿಗೆ ಸೂಪಾ ಅಣೆಕಟ್ಟು ಬಂದು ಸೂಪಾ ಪೇಟೆಯೇ ನೀರಿನಡಿ ಹೋಯಿತು.

ಮುಂದೆ ಆಗಬಹುದಾದದ್ದು

ಜನರನ್ನು ಬದಿಗಿಟ್ಟು ಅನುಮತಿ ಕೊಟ್ಟರೆ ಮೊಕದ್ದಮೆಗಳು ಖಚಿತ. ಮೊಕದ್ದಮೆ ನಡೆಯುವಾಗ ಕಾಮಗಾರಿಯೂ ನಡೆದರೆ ಫೋಸೆನ್‌ನಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ತೀರ್ಪು ಯಾರ ಪರ ಬಂದರೂ ಕಾಡು ಸೀಳಿರುತ್ತದೆ, ಸಾರ್ವಜನಿಕ ಹಣ ಸುರಂಗದೊಳಗೆ ಹೋಗಿರುತ್ತದೆ. ಹವಾಮಾನ ಬದಲಾವಣೆಯ ವಿರುದ್ಧದ ಕೆಲಸಕ್ಕೂ ಇದರಿಂದ ಹಾನಿಯೇ, ಏಕೆಂದರೆ ಒಮ್ಮೆ ಮೋಸವಾಯಿತು ಎಂದು ಭಾವಿಸಿದ ಊರು ಮುಂದೆ ಒಳ್ಳೆಯ ಯೋಜನೆ ಬಂದರೂ ಬಾಗಿಲು ಮುಚ್ಚುತ್ತದೆ. ಕರಾವಳಿಯ ಮೇಲೆ ಒಂದರ ಹಿಂದೊಂದು ಯೋಜನೆಗಳು ಬರುತ್ತಿರುವ ಈ ಹೊತ್ತಿನಲ್ಲಿ ಆ ಅಪಾಯ ಚಿಕ್ಕದಲ್ಲ.

ಜಿಲ್ಲೆಗೆ ಬೇರೆ ರೀತಿಯ ಅನುಭವವೂ ಇದೆ. ಬೇಡ್ತಿ ಜಲವಿದ್ಯುತ್ ಯೋಜನೆಯನ್ನು 1980ರ ಆಸುಪಾಸಿನಲ್ಲಿ ಶಿರಸಿ ಯಲ್ಲಾಪುರದ ರೈತರು ಲಾಭನಷ್ಟದ ಲೆಕ್ಕ ಹಾಕಿಯೇ ಪ್ರಶ್ನಿಸಿದರು. 1981ರಲ್ಲಿ ಶಿರಸಿಯಲ್ಲಿ ತಜ್ಞರನ್ನು ಕರೆಸಿ ವಿಚಾರಸಂಕಿರಣ ನಡೆಸಿದರು, ಯೋಜನೆ ಕೈಬಿಡಲ್ಪಟ್ಟಿತು. ಕಣಿವೆ ಉಳಿದದ್ದು ಚರ್ಚೆ ಸಕಾಲದಲ್ಲಿ ನಡೆದದ್ದರಿಂದ.

ಶರಾವತಿಯ ವಿಷಯದಲ್ಲಿ ಈಗ ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಯೋಜನಾ ಪ್ರದೇಶದ ಊರುಗಳ ಅರಣ್ಯ ಹಕ್ಕು ಅರ್ಜಿಗಳನ್ನು, ತಿರಸ್ಕೃತವಾದವುಗಳನ್ನೂ ಸೇರಿಸಿ, ಹಿರಿಯರ ಹೇಳಿಕೆಯನ್ನು ಸಾಕ್ಷ್ಯವಾಗಿ ಪಡೆದು ಇತ್ಯರ್ಥಗೊಳಿಸಬೇಕು. ಅದು ಮುಗಿದ ಮೇಲೆ ಗ್ರಾಮಸಭೆಗಳ ಮುಂದೆ ಯೋಜನೆಯ ಪೂರ್ಣ ವಿವರವನ್ನು ಕನ್ನಡದಲ್ಲಿಟ್ಟು ಒಪ್ಪಿಗೆ ಕೇಳಬೇಕು. ಬ್ಯಾಟರಿ ಮತ್ತು ಬೇರೆ ಸ್ಥಳಗಳ ತುಲನೆಯನ್ನು, ಬೇಸಿಗೆಯಲ್ಲಿ ಗೇರುಸೊಪ್ಪದಿಂದ ಬಿಡುವ ನೀರಿನ ತಿಂಗಳುವಾರು ಲೆಕ್ಕವನ್ನು ನಿಗಮ ಬಹಿರಂಗಪಡಿಸಬೇಕು. ಈಗಿನ ಅರಣ್ಯ ನಿಯಮಗಳು ಇವನ್ನೆಲ್ಲ ಮೊದಲೇ ಮಾಡಿ ಎಂದು ಕಡ್ಡಾಯ ಮಾಡುವುದಿಲ್ಲ, ಆದರೆ ಮೊದಲೇ ಮಾಡಬಾರದು ಎಂದೂ ಹೇಳುವುದಿಲ್ಲ. ಅರಣ್ಯ ಸಲಹಾ ಸಮಿತಿ ತೀರ್ಮಾನ ಮುಂದೂಡಿದ್ದರಿಂದ ಸಿಕ್ಕ ಬಿಡುವಿನಲ್ಲಿ ರಾಜ್ಯ ಸರ್ಕಾರದ ಒಂದು ಆದೇಶದಿಂದ ಈ ಕೆಲಸ ಆರಂಭವಾಗಬಹುದು.